ಬ್ಯಾಟರಿ ಹೋಗಿದೆ ಎನ್ನುವವನ ಕೈಗೆ ಮೊದಲು ಮೀಟರ್ ಕೊಡಿ!

"ಬ್ಯಾಟ್ರಿ ಹೋಗಿದೆ ಸಾರ್, ಚೇಂಜ್ ಮಾಡ್ಬಿಡಿ."

ಹಳೆಯ ಕಾರು ಇಟ್ಟುಕೊಂಡ ಯಾವ ಬೆಂಗಳೂರಿಗ ಈ ಮಾತು ಕೇಳಿಲ್ಲ? ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ 'ಕಟ್ ಕಟ್' ಎಂದು ಸುಮ್ಮನಾಗುತ್ತದೆ. ಅಕ್ಕಪಕ್ಕದವರನ್ನು ಕೂಗಿ, ಗಾಡಿ ತಳ್ಳಿಸಿ, ಬೆವರು ಸುರಿಸಿಕೊಂಡು ಗ್ಯಾರೇಜಿಗೆ ಹೋದರೆ ಬಾನೆಟ್ ಎತ್ತುವ ಮೊದಲೇ ತೀರ್ಪು ಸಿದ್ಧ! ಸಾಕ್ಷಿ ಇಲ್ಲ, ವಿಚಾರಣೆ ಇಲ್ಲ, ನೇರ ಗಲ್ಲು. ನಾಲ್ಕೈದು ಸಾವಿರ ಎಣಿಸಿ ಹೊಸ ಬ್ಯಾಟರಿ ಹಾಕಿಸಿಕೊಂಡು ಬರುತ್ತೀರಿ. ಎರಡು ತಿಂಗಳು ಕಳೆದರೆ ಮತ್ತೆ ಅದೇ 'ಕಟ್ ಕಟ್'. ಆಗ ಎರಡನೇ ತೀರ್ಪು: "ಆಲ್ಟರ್ನೇಟರ್ ಹೋಗಿದೆ ಸಾರ್."

ಗೆಳೆಯರೇ, ಇದು ರಿಪೇರಿಯಲ್ಲ. ಇದು ಸುಲಿಗೆ. ಅದೂ ನಿಮ್ಮ ಅಜ್ಞಾನವನ್ನೇ ಬಂಡವಾಳ ಮಾಡಿಕೊಂಡ ಸುಲಿಗೆ.

ನಾನು ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಓದಿದ್ದು ಪಿಯುಸಿ. ಎಂಜಿನಿಯರ್ ಅಲ್ಲ, ಹಾಗೆ ಹೇಳಿಕೊಳ್ಳುವ ಚಪಲವೂ ಇಲ್ಲ. ಆದರೆ ಆಫ್‌ಸೆಟ್ ಮಷೀನು ನಿಂತರೆ ಕರೆಂಟು ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂದು ಮೊದಲು ಟೆಸ್ಟರ್ ಹಿಡಿದು ನೋಡುತ್ತೇನೆ. ಹೊಸ ಮೋಟರ್ ತರಲು ಓಡುವುದಿಲ್ಲ. ಕಾರಿಗೂ ಇಷ್ಟೇ ವಿವೇಕ ಸಾಕು. ಎಚ್‌ಎಂಟಿ, ಬಿಇಎಲ್, ಮೈಕೋ ಕಾರ್ಖಾನೆಗಳು ಬೆಳೆಸಿದ ಊರಿದು. ಪೀಣ್ಯದ ಗಲ್ಲಿಗಲ್ಲಿಯಲ್ಲಿ ಲೇತ್ ತಿರುಗುವ ಊರು. ಇಲ್ಲಿ ಹುಟ್ಟಿದ ಹುಡುಗರು ಮುನ್ನೂರು, ನಾನೂರು ರೂಪಾಯಿಯ ಮಲ್ಟಿಮೀಟರ್ ಹಿಡಿಯಲು ಹೆದರುವುದೆಂದರೆ ಏನು ಹೇಳಬೇಕು?

ಮೊದಲು ವಿಷಯ ಅರ್ಥವಾಗಲಿ. ನಿಮ್ಮ ಮನೆಯ ಮೇಲೊಂದು ನೀರಿನ ಟ್ಯಾಂಕ್, ಕೆಳಗೆ ಸಂಪು, ನಡುವೆ ಮೋಟರ್. ಬ್ಯಾಟರಿ ಎಂದರೆ ಟ್ಯಾಂಕು. ಆಲ್ಟರ್ನೇಟರ್ ಎಂದರೆ ಮೋಟರು. ಸೆಲ್ಫ್ ಹೊಡೆಯುವಾಗ ಟ್ಯಾಂಕಿನ ನೀರು ಖರ್ಚಾಗುತ್ತದೆ. ಎಂಜಿನ್ ಓಡಲು ಶುರುವಾದ ಮೇಲೆ ಫ್ಯಾನ್ ಬೆಲ್ಟು ಆಲ್ಟರ್ನೇಟರನ್ನು ತಿರುಗಿಸಿ ಖರ್ಚಾದದ್ದನ್ನು ತುಂಬುತ್ತದೆ, ಲೈಟು, ಹಾರ್ನು, ವೈಪರುಗಳನ್ನೂ ಅದೇ ಸಾಕುತ್ತದೆ. ಟ್ಯಾಂಕ್ ಖಾಲಿಯಾಗಿದೆ ಎಂದ ಕೂಡಲೇ ಪ್ಲಂಬರ್ "ಟ್ಯಾಂಕ್ ಹೋಗಿದೆ, ಹೊಸದು ತನ್ನಿ" ಎಂದರೆ ಒಪ್ಪುತ್ತೀರಾ? ಮೋಟರ್ ಓಡುತ್ತಿದೆಯೇ, ಪೈಪ್ ಒಡೆದಿದೆಯೇ, ರಾತ್ರಿಯೆಲ್ಲ ಯಾವುದಾದರೂ ನಲ್ಲಿ ಸೋರುತ್ತಿದೆಯೇ ಎಂದು ಕೇಳುವುದಿಲ್ಲವೇ? ಕಾರಿನ ವಿಷಯ ಬಂದಾಗ ಮಾತ್ರ ಈ ಬುದ್ಧಿ ಎಲ್ಲಿ ಹೋಗುತ್ತದೆ?

ಈಗ ಮೀಟರ್ ಕೈಗೆತ್ತಿಕೊಳ್ಳಿ. ಡಿಸಿ 20 ವೋಲ್ಟಿಗೆ ತಿರುಗಿಸಿ. ಗಾಡಿ ರಾತ್ರಿಯೆಲ್ಲ ನಿಂತಿರಲಿ. ಬೆಳಿಗ್ಗೆ ಕೀ ಮುಟ್ಟುವ ಮೊದಲು ಕೆಂಪು ಕಡ್ಡಿ ಪ್ಲಸ್ಸಿಗೆ, ಕಪ್ಪು ಕಡ್ಡಿ ಮೈನಸ್ಸಿಗೆ. 12.6 ತೋರಿಸಿದರೆ ಬ್ಯಾಟರಿ ತುಂಬಿದೆ. 12.4 ಎಂದರೆ ಮುಕ್ಕಾಲು. 12.2 ಎಂದರೆ ಅರ್ಧ. 12ಕ್ಕಿಂತ ಕೆಳಗೆ ಹೋದರೆ ಹೆಚ್ಚುಕಡಿಮೆ ಖಾಲಿ. ಗಮನಿಸಿ, ಖಾಲಿ ಎಂದೆ, ಸತ್ತಿದೆ ಎನ್ನಲಿಲ್ಲ. ಈ ಎರಡು ಮಾತಿನ ನಡುವಿನ ವ್ಯತ್ಯಾಸದಲ್ಲೇ ಎಷ್ಟೋ ಅಂಗಡಿಗಳು ಬದುಕುತ್ತಿವೆ! ಬ್ಯಾಟರಿಯನ್ನು ಬಿಚ್ಚಿ ಹೊರಗಿನ ಚಾರ್ಜರಿನಲ್ಲಿ ನಿಧಾನವಾಗಿ ತುಂಬಿಸಿ. 35 ಆಂಪಿಯರ್ ಅವರ್ ಬ್ಯಾಟರಿಗೆ ಮೂರೂವರೆ ಆಂಪಿಯರಿನಂತೆ ಹತ್ತು ಹನ್ನೆರಡು ಗಂಟೆ ಬೇಕು. ತುಂಬಿದ ಮೇಲೆ ಒಂದು ರಾತ್ರಿ ಬಿಟ್ಟು ಮತ್ತೆ ನೋಡಿ. 12.6ರ ಆಸುಪಾಸು ನಿಂತರೆ ಜೀವ ಇದೆ. ಎಷ್ಟು ತುಂಬಿಸಿದರೂ 10.5ರ ಹತ್ತಿರವೇ ಬಂದು ಕೂತರೆ ಒಂದು ಸೆಲ್ ಹೋಗಿದೆ. ಒಳಗೆ ಆರು ಸೆಲ್, ಒಂದೊಂದಕ್ಕೆ 2.1 ವೋಲ್ಟ್. ಲೆಕ್ಕ ನೀವೇ ಹಾಕಿ. ಹಾಗಾದಾಗ ಹೊಸದು ಕೊಳ್ಳಿ, ನನ್ನ ತಕರಾರಿಲ್ಲ.

ಇನ್ನೊಂದು ಪರೀಕ್ಷೆ. ಒಬ್ಬರು ಸೆಲ್ಫ್ ಹೊಡೆಯಲಿ, ನೀವು ಮೀಟರ್ ನೋಡಿ. ತುಂಬಿದ ಒಳ್ಳೆಯ ಬ್ಯಾಟರಿ ಸೆಲ್ಫ್ ಹೊಡೆಯುವಾಗಲೂ 9.6ಕ್ಕಿಂತ ಕೆಳಗೆ ಇಳಿಯಬಾರದು. ಏಳು, ಎಂಟಕ್ಕೆ ಧುಮುಕಿದರೆ ಬ್ಯಾಟರಿ ಮುದಿಯಾಗಿದೆ, ಇಲ್ಲವೇ ಸೆಲ್ಫ್ ಮೋಟರ್ ಮಿತಿಮೀರಿ ಕರೆಂಟು ಕುಡಿಯುತ್ತಿದೆ.

ಗಾಡಿ ಸ್ಟಾರ್ಟ್ ಆಯಿತೇ? ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದು ಅದೇ ಜಾಗದಲ್ಲಿ ಮತ್ತೆ ನೋಡಿ. 13.8ರಿಂದ 14.5ರ ಒಳಗೆ ಇರಬೇಕು. ಹೆಡ್‌ಲೈಟು, ಬ್ಲೋವರ್ ಹಾಕಿ. 13.5ರ ಹತ್ತಿರವಾದರೂ ನಿಲ್ಲಬೇಕು. ಎಂಜಿನ್ ಓಡುವಾಗಲೂ 12.3 ಎಂದೇ ತೋರಿಸಿ, ನೋಡನೋಡುತ್ತ ಕೆಳಗಿಳಿಯುತ್ತಿದ್ದರೆ ಟ್ಯಾಂಕಿಗೆ ನೀರು ಬೀಳುತ್ತಿಲ್ಲ. ಅಲ್ಲಿಗೆ ಹತ್ತು ಬ್ಯಾಟರಿ ಹಾಕಿದರೂ ಹತ್ತೂ ಮಲಗುತ್ತವೆ. 15 ದಾಟಿದರೆ ಅದು ಬೇರೆ ರೋಗ. ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದಿಯುತ್ತಿದೆ. ಪದೇ ಪದೇ ನೀರು ಕಡಿಮೆಯಾಗುವುದು, ಬಲ್ಬುಗಳು ಸುಡುವುದು, ಬಾನೆಟ್ ಎತ್ತಿದರೆ ಮೂಗಿಗೆ ಹುಳಿವಾಸನೆ ಹೊಡೆಯುವುದು, ಎಲ್ಲ ಇದರದೇ ಲಕ್ಷಣ. ಇದಕ್ಕೂ ಬ್ಯಾಟರಿಯನ್ನೇ ದೂರುವ ಮಹಾನುಭಾವರಿದ್ದಾರೆ!

ಒಂದು ಎಚ್ಚರಿಕೆ. ಈ ಲೆಕ್ಕ ಹಳೆಯ ಕಾರುಗಳದ್ದು. ಈಚಿನ ಅನೇಕ ಕಾರುಗಳಲ್ಲಿ ಕಂಪ್ಯೂಟರ್ ಪೆಟ್ಟಿಗೆಯೇ ಆಲ್ಟರ್ನೇಟರನ್ನು ಆಳುತ್ತದೆ. ಪೆಟ್ರೋಲ್ ಉಳಿಸಲು ಬೇಕೆಂದೇ ವೋಲ್ಟೇಜ್ ಇಳಿಸಿ ಏರಿಸುತ್ತದೆ. ಅಲ್ಲಿ 12.8 ಕಂಡು ಗಾಬರಿಯಾಗಬೇಡಿ.

ಇನ್ನು ಆ ಮಹಾ ಪರೀಕ್ಷೆಗೆ ಬರೋಣ. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕಿತ್ತು, "ನೋಡಿ ಸಾರ್, ಗಾಡಿ ಆಫ್ ಆಗ್ಲಿಲ್ಲ, ಆಲ್ಟರ್ನೇಟರ್ ಓಕೆ" ಎಂದು ಎದೆಯುಬ್ಬಿಸುವ ಪರೀಕ್ಷೆ. ಇದನ್ನು ಮಾಡುವವನ ಕೈಯಿಂದ ಸ್ಪ್ಯಾನರ್ ಕಿತ್ತುಕೊಳ್ಳಿ! ಹಳೆಯ ಅಂಬಾಸಿಡರ್, ಫಿಯೆಟ್ಟುಗಳಲ್ಲಿ ಡೈನಮೋ ಇದ್ದ ಕಾಲದ ಚಾಳಿ ಇದು. ಅಲ್ಲಿ ಹೇಗೋ ದಕ್ಕುತ್ತಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಆಲ್ಟರ್ನೇಟರ್ ಹೊತ್ತುಕೊಂಡೇ ಬಂತು. ಆಲ್ಟರ್ನೇಟರಿನ ಹೊಟ್ಟೆಯಲ್ಲಿರುವುದು ಡಯೋಡು ಮತ್ತು ಎಲೆಕ್ಟ್ರಾನಿಕ್ ರೆಗ್ಯುಲೇಟರು. ಓಡುವಾಗ ಬ್ಯಾಟರಿ ಕಿತ್ತರೆ ಅದು ತಳ್ಳುತ್ತಿದ್ದ ಕರೆಂಟಿಗೆ ಹೋಗಲು ದಾರಿಯಿಲ್ಲ. ಒಂದು ಕ್ಷಣ ವೋಲ್ಟೇಜು ನೂರರ ಹತ್ತಿರಕ್ಕೂ ಚಿಮ್ಮಬಹುದು. ಡಯೋಡು, ರೆಗ್ಯುಲೇಟರು, ಸ್ಟೀರಿಯೋ, ಇಂಜೆಕ್ಷನ್ ಗಾಡಿಯಾದರೆ ಇಸಿಯು, ಏನು ಬೇಕಾದರೂ ಸುಡಬಹುದು. ಚೆನ್ನಾಗಿದ್ದ ಆಲ್ಟರ್ನೇಟರನ್ನು ಪರೀಕ್ಷೆಯ ನೆಪದಲ್ಲಿ ಕೊಂದು, ನಂತರ ನಿಮಗೇ ಹೊಸದು ಮಾರುವುದು! ನಾಲ್ಕು ದಶಕ ಕಳೆದರೂ ಡೈನಮೋ ಕಾಲದ ಬುದ್ಧಿ ಬಿಡದವರಿಗೆ ಏನೆನ್ನಬೇಕು?

ಮೀಟರ್ ಇಲ್ಲದೆಯೂ ಗಾಡಿಯೇ ನಿಮಗೆ ಹೇಳುತ್ತದೆ. ಕೇಳುವ ಕಿವಿ ಬೇಕು. ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಹೊತ್ತಬೇಕು, ಎಂಜಿನ್ ಓಡಿದ ಮೇಲೆ ಆರಬೇಕು. ಓಡುವಾಗಲೂ ಉರಿದರೆ ಚಾರ್ಜ್ ಇಲ್ಲ ಎಂಬುದು ಎಲ್ಲರಿಗೂ ಗೊತ್ತು. ಕೀ ತಿರುಗಿಸಿದಾಗ ಅದು ಹೊತ್ತದೇ ಇದ್ದರೆ? ಯಾರೂ ಗಮನಿಸುವುದಿಲ್ಲ. ಅನೇಕ ಹಳೆಯ ಗಾಡಿಗಳಲ್ಲಿ ಆಲ್ಟರ್ನೇಟರಿನ ರೋಟರ್ ಅಯಸ್ಕಾಂತವಾಗಲು ಬೇಕಾದ ಮೊದಲ ಕರೆಂಟು ಹೋಗುವುದೇ ಆ ಪುಟ್ಟ ಬಲ್ಬಿನ ಮೂಲಕ. ಬಲ್ಬು ಸುಟ್ಟರೆ ಆಲ್ಟರ್ನೇಟರ್ ಎದ್ದೇಳುವುದಿಲ್ಲ. ಹತ್ತಿಪ್ಪತ್ತು ರೂಪಾಯಿಯ ಬಲ್ಬು, ಸಾವಿರಾರು ರೂಪಾಯಿಯ ಬಿಲ್ಲು! ಇದಕ್ಕೊಂದು ಚೆಂದದ ಪರೀಕ್ಷೆ ಇದೆ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಆಲ್ಟರ್ನೇಟರಿನ ಪುಲ್ಲಿಯ ನಟ್ಟಿಗೆ ಒಂದು ಸಣ್ಣ ಸ್ಪ್ಯಾನರ್ ಹಿಡಿಯಿರಿ. ಜಗ್ಗಿ ಅಂಟಿಕೊಂಡರೆ ರೋಟರಿಗೆ ಕರೆಂಟು ಬರುತ್ತಿದೆ. ಅಂಟದಿದ್ದರೆ ಬಲ್ಬು, ವೈರು, ಇಲ್ಲವೇ ಒಳಗಿನ ಕಾರ್ಬನ್ ಸವೆದಿದೆ. ಕಾರ್ಬನ್ ಬದಲಿಸಲು ಆಲ್ಟರ್ನೇಟರನ್ನೇ ಬದಲಿಸಬೇಕಾಗಿಲ್ಲ. ಹಳೆಯ ಗಾಡಿಗಳದ್ದಕ್ಕೆ ಕಾರ್ಬನ್, ರೆಗ್ಯುಲೇಟರ್, ಡಯೋಡ್ ಪ್ಲೇಟು, ಬೇರಿಂಗು ಎಲ್ಲ ಬಿಡಿಬಿಡಿಯಾಗಿ ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ.

ಹೆಡ್‌ಲೈಟ್ ಹಾಕಿದ ಕೂಡಲೇ ಬೆಲ್ಟು 'ಕೀಂ' ಎಂದು ಕಿರುಚಿದರೆ ಅದು ಸಡಿಲವಾಗಿ ಜಾರುತ್ತಿದೆ. ಎಂಜಿನ್ ಆಫ್ ಮಾಡಿ ಬೆಲ್ಟಿನ ಉದ್ದದ ಭಾಗದ ನಡುವೆ ಹೆಬ್ಬೆರಳಲ್ಲಿ ಒತ್ತಿ. ಸುಮಾರು 10 ಮಿಲಿಮೀಟರ್ ತಗ್ಗಿದರೆ ಸರಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಆಲ್ಟರ್ನೇಟರಿನ ಮೈ ಮುಟ್ಟಿ ನೋಡಿ. ಅದೊಂದೇ ಬೆಚ್ಚಗಿದ್ದರೆ ಒಳಗೆ ಡಯೋಡು ಸೋರಿ ರಾತ್ರಿಯೆಲ್ಲ ಬ್ಯಾಟರಿಯನ್ನು ಹೀರಿದೆ. ಅನುಮಾನವಿದ್ದರೆ ಎಂಜಿನ್ ಓಡುವಾಗ ಮೀಟರನ್ನು ಎಸಿಗೆ ತಿರುಗಿಸಿ ಬ್ಯಾಟರಿಗೆ ಹಿಡಿಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಡಯೋಡಿನ ಕಡೆಗೇ ಬೆರಳು ತೋರಿಸಬೇಕು.

ಈಗ ನಿಜವಾಗಿ ನನ್ನ ಹೊಟ್ಟೆ ಉರಿಸಿದ ಸಂಗತಿ. ನಮ್ಮ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವ ಹುಡುಗ ಸಾಲ ಮಾಡಿ ಹಳೆಯ ಕಾರೊಂದನ್ನು ಕೊಂಡ. ಶೋಕಿಗಲ್ಲ. ಅವನ ತಾಯಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಬಸ್ಸಿನಲ್ಲಿ ಕರೆದೊಯ್ಯುವ ಸ್ಥಿತಿಯಿಲ್ಲ, ಪ್ರತಿಸಲ ಟ್ಯಾಕ್ಸಿಗೆ ತೆರಲು ಸಂಬಳ ಸಾಲದು. ಹದಿನಾಲ್ಕು ತಿಂಗಳಲ್ಲಿ ಅವನಿಂದ ಎರಡು ಬ್ಯಾಟರಿ, ಒಂದು ಆಲ್ಟರ್ನೇಟರ್ ಹಾಕಿಸಿದರು. ಇಷ್ಟಾದರೂ ಒಂದು ರಾತ್ರಿ ಒಂಬತ್ತೂವರೆಗೆ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಎಂಜಿನ್ ಆಫ್ ಆದ ಗಾಡಿ ಮತ್ತೆ ಸೆಲ್ಫ್ ಹೊಡೆಯಲಿಲ್ಲ. ಹಿಂದೆ ಲಾರಿಗಳ ಹಾರ್ನು, ಒಳಗೆ ಡಯಾಲಿಸಿಸ್ ಮುಗಿಸಿ ತಲೆ ಎತ್ತಲಾಗದೆ ಮಲಗಿದ ತಾಯಿ. ಆಟೋದವರು ಇಳಿದು ತಳ್ಳಿದರು.

ಮಾರನೇ ದಿನ ಪ್ರೆಸ್ಸಿನ ಮುಂದೆ ನಿಲ್ಲಿಸಿ ಮೀಟರ್ ಹಿಡಿದೆವು. ಎಂಜಿನ್ ಓಡುತ್ತಿದೆ, ಹೆಡ್‌ಲೈಟ್ ಉರಿಯುತ್ತಿದೆ. ಆಲ್ಟರ್ನೇಟರಿನ ಹಿಂಬದಿಯ ದಪ್ಪ ಬೋಲ್ಟಿಗೂ ಅದರ ಮೈಗೂ ನಡುವೆ 14.3. ಭೇಷ್! ಬ್ಯಾಟರಿಯಲ್ಲಿ ಎಷ್ಟು? 12.9. ನಡುವೆ 1.4 ವೋಲ್ಟು ಎಲ್ಲಿ ಹೋಯಿತು? ಕೆಂಪು ಕಡ್ಡಿಯನ್ನು ಎಂಜಿನ್ನಿನ ಬರಿಮೈಗೆ, ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ ಹಿಡಿದೆವು. 0.2ಕ್ಕಿಂತ ಕಡಿಮೆ ಇರಬೇಕಾದ ಜಾಗದಲ್ಲಿ ಪೂರಾ ಕಳ್ಳಮಾಲು ಸಿಕ್ಕಿತು! ಎಂಜಿನ್ನಿನಿಂದ ಬಾಡಿಗೆ ಬರುವ ಹೆಣೆದ ಅರ್ಥ್ ಪಟ್ಟಿ ತುಕ್ಕು ಹಿಡಿದು ನಾಲ್ಕು ಎಳೆಯ ಮೇಲೆ ನೇತಾಡುತ್ತಿತ್ತು. ಪಟ್ಟಿ ಬದಲಿಸಿ, ಬೋಲ್ಟ್ ಕೂರುವ ಜಾಗವನ್ನು ಉಪ್ಪುಕಾಗದದಲ್ಲಿ ಉಜ್ಜಿ ಬಿಗಿದೆವು. ಖರ್ಚು ಒಂದು ಸಿನಿಮಾ ಟಿಕೆಟ್ಟಿನಷ್ಟು. ಎರಡು ಬ್ಯಾಟರಿ, ಒಂದು ಆಲ್ಟರ್ನೇಟರ್, ಮೂರೂ ದಂಡ. ಆ ಹಣ ಒಬ್ಬ ಬೈಂಡರಿನ ಒಂದು ತಿಂಗಳ ಸಂಬಳ ಎಂಬುದು ಗ್ಯಾರೇಜಿನವನಿಗೆ ಗೊತ್ತಿತ್ತೇ? ಗೊತ್ತಿದ್ದರೆ ಕಡ್ಡಿ ಹಿಡಿದು ನೋಡುತ್ತಿದ್ದನೇ?

ಪ್ಲಸ್ ಕಡೆಯೂ ಹೀಗೆಯೇ. ಆಲ್ಟರ್ನೇಟರಿನ ಬೋಲ್ಟಿಗೂ ಬ್ಯಾಟರಿಯ ಪ್ಲಸ್ಸಿಗೂ ನಡುವೆ 0.3ಕ್ಕಿಂತ ಹೆಚ್ಚು ಕಂಡರೆ ವೈರು, ಲಗ್ಗು, ಫ್ಯೂಸಿಬಲ್ ಲಿಂಕುಗಳನ್ನು ಹುಡುಕಿ. ಟರ್ಮಿನಲ್ಲಿನ ಮೇಲೆ ಬಿಳಿ, ಹಸಿರು ಪುಡಿ ಕೂತಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒರೆಸಿ, ಬಿಗಿದು, ವ್ಯಾಸಲೀನ್ ಸವರಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಸ್ಪ್ಯಾನರ್ ಬಾಡಿಗೆ ತಾಗಿ ಕಿಡಿ ಹಾರಿದರೆ ಬ್ಯಾಟರಿಯ ಗ್ಯಾಸು ಮುಖಕ್ಕೆ ಸಿಡಿಯುತ್ತದೆ. ಇದು ತಮಾಷೆಯಲ್ಲ.

ಮೆಕ್ಯಾನಿಕ್ಕುಗಳನ್ನಷ್ಟೇ ಬೈದು ನಿಮ್ಮಿಂದ ಚಪ್ಪಾಳೆ ಗಿಟ್ಟಿಸುವ ಇರಾದೆ ನನಗಿಲ್ಲ. ನಿಮಗೂ ನಾಲ್ಕು ಮಾತಿದೆ. 60/55 ವ್ಯಾಟಿನ ಹೆಡ್‌ಲೈಟ್ ಬಲ್ಬು ಕಿತ್ತು 100/90ರದ್ದು ಹಾಕಿಸಿಕೊಂಡು ಎದುರಿನವರ ಕಣ್ಣು ಕುರುಡು ಮಾಡುತ್ತ ಮೆರೆಯುವವರು ಯಾರು? ಹೈಬೀಮಿನಲ್ಲಿ ಎಂಟೊಂಬತ್ತು ಆಂಪಿಯರ್ ಎಳೆಯುತ್ತಿದ್ದ ಜೋಡಿ ಈಗ ಹದಿನೈದು ಎಳೆಯುತ್ತದೆ. ಡಿಕ್ಕಿಯಲ್ಲೊಂದು ಸಬ್‌ವೂಫರ್, ಮೇಲೆ ಎಸಿ. ಸಿಲ್ಕ್ ಬೋರ್ಡಿನ ಜಾಮಿನಲ್ಲಿ ಎಂಜಿನ್ ಐಡಲ್ ಓಡುವಾಗ ಹಳೆಯ ಸಣ್ಣ ಆಲ್ಟರ್ನೇಟರ್ ತನ್ನ ಪೂರ್ತಿ ಶಕ್ತಿಯ ಒಂದು ಭಾಗವನ್ನಷ್ಟೇ ಕೊಡಬಲ್ಲದು. ಉಳಿದದ್ದನ್ನು ಯಾರು ಕೊಡಬೇಕು? ಬ್ಯಾಟರಿ. ಆಮೇಲೆ "ಈ ಕಂಪನಿ ಬ್ಯಾಟ್ರಿ ವೇಸ್ಟ್ ಗುರು" ಎಂದು ಬೈಗುಳ.

ಸ್ಟೀರಿಯೋ ಹಾಕುವ ಹುಡುಗ ವೈರನ್ನು ಕೀಗೆ ಜೋಡಿಸದೆ ನೇರ ಬ್ಯಾಟರಿಗೆ ಕೊಟ್ಟಿರುತ್ತಾನೆ. ಅಲಾರಂ, ಡಿಕ್ಕಿಯ ದೀಪ, ಯಾವುದೋ ಒಂದು ರಾತ್ರಿಯೆಲ್ಲ ಎಳೆಯುತ್ತಿರುತ್ತದೆ. ಬರೀ ಅರ್ಧ ಆಂಪಿಯರ್ ಎಂದುಕೊಳ್ಳಿ. ಶುಕ್ರವಾರ ರಾತ್ರಿ ಒಂಬತ್ತಕ್ಕೆ ನಿಲ್ಲಿಸಿದ ಗಾಡಿಯನ್ನು ಸೋಮವಾರ ಬೆಳಿಗ್ಗೆ ಏಳಕ್ಕೆ ತೆಗೆದರೆ 58 ಗಂಟೆ. 29 ಆಂಪಿಯರ್ ಅವರ್ ಖಾಲಿ. ನಿಮ್ಮ ಬ್ಯಾಟರಿಯೇ 35ರದ್ದು! ಇದನ್ನು ಹಿಡಿಯಲು ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಮೈನಸ್ ಕಂಬಕ್ಕೂ ನಡುವೆ ಮೀಟರ್ ಸೇರಿಸಿ. ಬಾಗಿಲು ಮುಚ್ಚಿರಲಿ, ಕೀ ತೆಗೆದಿರಲಿ, ಸೆಲ್ಫ್ ಮಾತ್ರ ಹೊಡೆಯಬೇಡಿ, ಮೀಟರಿನ ಫ್ಯೂಸು ಹಾರುತ್ತದೆ. 50 ಮಿಲಿಆಂಪಿಯರಿಗಿಂತ ಕಡಿಮೆ ಇದ್ದರೆ ನಿಶ್ಚಿಂತೆ. ಹೆಚ್ಚಿದ್ದರೆ ಒಂದೊಂದೇ ಫ್ಯೂಸು ಕೀಳುತ್ತ ಹೋಗಿ. ಯಾವುದನ್ನು ಕಿತ್ತಾಗ ಅಂಕಿ ಇಳಿಯುತ್ತದೋ ಆ ದಾರಿಯಲ್ಲಿದ್ದಾನೆ ಕಳ್ಳ. ಯಾವ ಫ್ಯೂಸಿಗೂ ಜಗ್ಗದಿದ್ದರೆ ಆಲ್ಟರ್ನೇಟರಿನ ದಪ್ಪ ವೈರು ಬಿಚ್ಚಿ ನೋಡಿ.

ಗ್ಯಾರೇಜಿನವರ ವಾದವನ್ನೂ ಕೇಳಿದ್ದೇನೆ. "ಇಷ್ಟೆಲ್ಲ ಚೆಕ್ ಮಾಡಿದ್ರೆ ಒಂದು ಗಂಟೆ ಹೋಗತ್ತೆ ಸಾರ್, ಕೊನೆಗೆ ಒಂದು ವೈರ್ ಹಾಕಿ ಇನ್ನೂರು ಕೇಳಿದ್ರೆ ಗಿರಾಕಿ ಜಗಳಕ್ಕೆ ಬರ್ತಾನೆ." ಈ ಮಾತಿನಲ್ಲಿ ಸತ್ಯವಿದೆ. ರೋಗ ಹುಡುಕಿದ ತಲೆಗೆ ಇನ್ನೂರು ಕೊಡಲು ಗೊಣಗುವ ನಾವು, ಡಬ್ಬದಲ್ಲಿ ಬಂದ ವಸ್ತುವಿಗೆ ಐದು ಸಾವಿರ ನಗುನಗುತ್ತ ಕೊಡುತ್ತೇವೆ. ಕಲಾಸಿಪಾಳ್ಯ, ಶಿವಾಜಿನಗರದ ಕಡೆ ಹಳೆಯ ಆಟೋ ಎಲೆಕ್ಟ್ರಿಷಿಯನ್ನುಗಳಿದ್ದಾರೆ. ಒಂದು ಟೆಸ್ಟ್ ಲ್ಯಾಂಪು ಹಿಡಿದು ಇಡೀ ಗಾಡಿಯ ಜಾತಕ ಹೇಳುತ್ತಾರೆ. ಅಂಥವರಿಗೆ ನೋಡಿದ್ದಕ್ಕೇ ಕೂಲಿ ಕೊಡಿ, ಬೇಕಾದರೆ ಎರಡು ಪಟ್ಟು ಕೊಡಿ. ಅವರ ಕಸುಬು ಸತ್ತರೆ ಉಳಿಯುವುದು ಡಬ್ಬ ಮಾರುವವರು ಮಾತ್ರ.

ಡಬ್ಬ ಮಾರುವವರ ಲಾಭದ ಇನ್ನೊಂದು ಮುಖ ನಿಮ್ಮ ಹಳೆಯ ಬ್ಯಾಟರಿ. ಅದರೊಳಗೆ ಸೀಸವಿದೆ, ಗುಜರಿಯಲ್ಲಿ ಬೆಲೆಯಿದೆ. ಹೊಸದು ಮಾರಿದ್ದಕ್ಕೆ ಲಾಭ, ಹಳೆಯದು ಕಿತ್ತುಕೊಂಡಿದ್ದಕ್ಕೂ ಲಾಭ! ಚಾರ್ಜ್ ಮಾಡಿದರೆ ಇನ್ನೆರಡು ವರ್ಷ ಬಾಳುವ ಬ್ಯಾಟರಿಯನ್ನು ಸತ್ತಿದೆ ಎಂದು ಕೊಟ್ಟು ಬಂದಿರುತ್ತೀರಿ.

ವಾರಂಟಿ ಕಾರ್ಡು ತೆಗೆದು ನೋಡಿ. ನನ್ನ ಪ್ರೆಸ್ಸಿನಲ್ಲಿ ಮದುವೆ ಪತ್ರಿಕೆಗೂ ಹಾಕಲು ಹಿಂಜರಿಯುವಷ್ಟು ಸಣ್ಣ ಅಕ್ಷರ, ಅದೂ ಇಂಗ್ಲಿಷಿನಲ್ಲಿ. ಕನ್ನಡಿಗನ ದುಡ್ಡಿಗೆ ಭಾಷೆಯ ಹಂಗಿಲ್ಲ, ಅವನ ಹಕ್ಕಿಗೆ ಮಾತ್ರ ಇಂಗ್ಲಿಷ್! ಅದರಲ್ಲಿ '24+24 ತಿಂಗಳು' ಎಂದಿದ್ದರೆ ನಾಲ್ಕು ವರ್ಷ ಪುಕ್ಕಟೆ ಎಂದು ತಿಳಿಯಬೇಡಿ. ಮೊದಲ 24 ತಿಂಗಳು ಮಾತ್ರ ಪುಕ್ಕಟೆ ಬದಲಿ. ಆಮೇಲಿನದ್ದಕ್ಕೆ ಬೆಲೆಯಲ್ಲಿ ಒಂದಷ್ಟು ರಿಯಾಯಿತಿ, ದಿನ ಕಳೆದಂತೆ ಅದೂ ಇಳಿಯುತ್ತದೆ. ಇನ್ನೊಂದು ವಿನೋದ ನೋಡಿ. ವಾರಂಟಿ ಕೇಳಲು ಹೋದಾಗ ಅದೇ ಅಂಗಡಿಯವನು ಮೀಟರ್ ತೆಗೆದು, ಹೈಡ್ರೋಮೀಟರ್ ಅದ್ದಿ, "ನಿಮ್ಮ ಗಾಡೀಲಿ ಚಾರ್ಜಿಂಗ್ ಪ್ರಾಬ್ಲಮ್ ಇದೆ, ಬ್ಯಾಟ್ರಿ ತಪ್ಪಲ್ಲ, ವಾರಂಟಿ ಬರಲ್ಲ" ಎನ್ನುತ್ತಾನೆ. ಮಾರುವ ದಿನ ಈ ಮೀಟರ್ ಎಲ್ಲಿ ಬಚ್ಚಿಟ್ಟಿದ್ದೆಯಪ್ಪಾ?

ಬಿಲ್ಲಿನ ವಿಷಯ ನನ್ನ ಕಸುಬಿನದೇ. ಬಿಲ್ ಬುಕ್ ಮಾಡಿಸಲು ಬರುವವರು 'ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ' ಎಂಬ ಸಾಲು ಹಾಕಿ ಎನ್ನುತ್ತಾರೆ. ನಾನು ಹಾಕುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಆದ್ದರಿಂದ ಬ್ಯಾಟರಿಯ ಸೀರಿಯಲ್ ನಂಬರು, ತಾರೀಖು, ಹಳೆಯದಕ್ಕೆ ಕಳೆದ ಮೊತ್ತ, ಮೂರನ್ನೂ ಬಿಲ್ಲಿನಲ್ಲಿ ಬರೆಸಿ. ಹೊಸದು ಹಾಕಿದ ಮೇಲೆ ಎಂಜಿನ್ ಓಡಿಸಿ ಎಷ್ಟು ವೋಲ್ಟ್ ಚಾರ್ಜ್ ಆಗುತ್ತಿದೆ ಎಂಬುದನ್ನೂ ಅಲ್ಲೇ ಬರೆದು ಸಹಿ ಹಾಕೆನ್ನಿ. ಸಹಿ ಹಾಕಲು ಹಿಂದೆಮುಂದೆ ನೋಡಿದರೆ ಅವನು ನೋಡಿಯೇ ಇಲ್ಲ ಎಂದರ್ಥ.

ಡೀಸೆಲ್ ಗಾಡಿಯವರಿಗೆ ಒಂದು ಮಾತು ಬಾಕಿ ಇದೆ. ಅನೇಕ ಹಳೆಯ ಡೀಸೆಲ್ ವಾಹನಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೇ ಬ್ರೇಕಿನ ವ್ಯಾಕ್ಯೂಮ್ ಪಂಪು ಕೂತಿರುತ್ತದೆ. ಬೆಲ್ಟು ಹರಿದರೆ ಚಾರ್ಜು ಮಾತ್ರವಲ್ಲ, ಬ್ರೇಕಿನ ಬಲವೂ ಹೋಗುತ್ತದೆ, ಪೆಡಲ್ ಕಲ್ಲಿನಂತಾಗುತ್ತದೆ. ಓಡುವಾಗ ಕೆಂಪು ದೀಪ ಹೊತ್ತಿದರೆ "ಹತ್ತಿರವೇ ಮನೆ, ಹೋಗಿಬಿಡೋಣ" ಎಂದು ಘಾಟಿಯಲ್ಲಿ ಇಳಿಸಬೇಡಿ. ಪಕ್ಕಕ್ಕೆ ಹಾಕಿ, ಬಾನೆಟ್ ಎತ್ತಿ, ಬೆಲ್ಟು ಇದೆಯೇ ನೋಡಿ.